ಜಾಲದ ನಡುವೆ ಕಂಡವನೇ ನಾಯಕನಾ?

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಎಂಎ ಮಾಡುತ್ತಿದ್ದೇನೆ. ಪೈಥಾನ್ ಸ್ವಲ್ಪ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಸಕ್ರಿಯವಾಗಿದ್ದು ಈಗ ಇಲ್ಲವಾಗಿರುವ ಒಂದು ಉಗ್ರಗಾಮಿ ಗುಂಪಿನ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಕೋರ್ಟ್ ತೀರ್ಪುಗಳು, ಪತ್ರಿಕಾ ವರದಿಗಳನ್ನು ಓದಿ 61 ಜನರ ಪಟ್ಟಿ ಮಾಡಿದೆ. ಒಬ್ಬೊಬ್ಬರನ್ನು ಒಂದು ಬಿಂದು, ಇಬ್ಬರ ನಡುವಿನ ಸಂಬಂಧವನ್ನು ಒಂದು ಗೆರೆ (ಕೊಂಡಿ) ಎಂದು ಬಿಡಿಸಿದಾಗ 140 ಕೊಂಡಿಗಳು ಸಿಕ್ಕವು. 12 ಜನ ಒಂದೇ ತರಬೇತಿ ಶಿಬಿರದಲ್ಲಿದ್ದರು ಎಂದು ಒಂದು ತೀರ್ಪಿನಲ್ಲಿದೆ, ಹಾಗಾಗಿ ಅವರೆಲ್ಲರನ್ನೂ ಪರಸ್ಪರ ಜೋಡಿಸಿದ್ದೇನೆ. ಲೆಕ್ಕ ಹಾಕಿದಾಗ ಬಿಟ್ವೀನ್‌ನೆಸ್‌ನಲ್ಲಿ (ಉಳಿದವರ ನಡುವೆ ಸೇತುವೆಯಾಗುವ ಅಳತೆ) ಎಲ್ಲರಿಗಿಂತ ಮೇಲೆ ಬಂದವನು ಬಾಡಿಗೆ ಮನೆ ಕೊಡಿಸುತ್ತಿದ್ದ ಒಬ್ಬ ದಲ್ಲಾಳಿ. ಅವನು ಆರೋಪಿ ಕೂಡ ಅಲ್ಲ, ಸಾಕ್ಷಿ ಹೇಳಲು ಬಂದವನು. ಇವನೇ ತೆರೆಮರೆಯ ಸೂತ್ರಧಾರ ಎಂದು ಬರೆಯಬಹುದಾ? ಹೆಸರು ಹಾಕು, ಇದೇ ನಿನ್ನ ಹೊಸ ಫಲಿತಾಂಶ ಎನ್ನುತ್ತಾರೆ ನನ್ನ ಗೈಡ್. ಮನೆಯವರಿಗೆ ಈ ವಿಷಯವೇ ಬೇಡ, ನಾಳೆ ನಿನ್ನನ್ನೇ ಹಿಡಿದುಕೊಂಡು ಹೋದರೆ ಏನು ಗತಿ ಎಂಬ ಭಯ. ಇದನ್ನು ಪೊಲೀಸರಿಗೆ ತಿಳಿಸಬೇಕಾ? ಈ ವಿಧಾನದಿಂದ ನಿಜಕ್ಕೂ ಏನಾದರೂ ಗೊತ್ತಾಗುತ್ತದಾ?

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಆ ದಲ್ಲಾಳಿಯ ಹೆಸರು ಹಾಕಬೇಡಿ. ಸೂತ್ರಧಾರ ಎಂಬ ಪದವನ್ನೂ ಬಳಸಬೇಡಿ. ನಿಮ್ಮ ಗೈಡ್ ಬಗ್ಗೆ ನನಗೆ ಗೌರವ ಇದೆ, ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ. ಹಾಗಂತ ನಿಮ್ಮ ಶ್ರಮ ವ್ಯರ್ಥವಾಯಿತು ಅಂತಲ್ಲ. ಇಷ್ಟು ತೀರ್ಪುಗಳನ್ನು ಕೂತು ಓದಿ ಕೈಯಿಂದ ಡೇಟಾ ಮಾಡಿದವರು ಕಡಿಮೆ. ಅದನ್ನು ಬೇರೆ ಪ್ರಶ್ನೆಗೆ ತಿರುಗಿಸಿದರೆ ಒಳ್ಳೆಯ ಪ್ರಬಂಧವೇ ಆಗುತ್ತದೆ.

ಈ ಕ್ಷೇತ್ರದಲ್ಲಿ ಜಾಲಗಳನ್ನು ಓದುತ್ತಾ, ಕಲಿಸುತ್ತಾ ಬಂದವನಾಗಿ ನಾನು ಎಲ್ಲಕ್ಕಿಂತ ಜಾಸ್ತಿ ನೋಡಿರುವ ತಪ್ಪು ಇದೇ. ಪರದೆಯ ಮೇಲೆ ಚಿತ್ರ ಮೂಡಿದ ಕೂಡಲೇ ಅದು ಗುಂಪಿನ ಚಿತ್ರ ಅನ್ನಿಸಿಬಿಡುತ್ತದೆ. ನಿಜವಾಗಿ ಅಲ್ಲಿ ಕಾಣುವುದು ತನಿಖೆ ಎಲ್ಲೆಲ್ಲಿ ಹೋಯಿತು ಎಂಬುದು. ಕತ್ತಲಲ್ಲಿ ಟಾರ್ಚ್ ಹಿಡಿದು ನಡೆದವರು ಬೆಳಕು ಬಿದ್ದ ಕಡೆಯದನ್ನಷ್ಟೇ ಬರೆದುಕೊಂಡ ಹಾಗೆ. ಯಾರನ್ನು ಹಿಡಿದರೋ ಅವರ ಫೋನ್ ದಾಖಲೆ ತೆಗೆದರು. ಯಾರು ಬಾಯಿ ಬಿಟ್ಟರೋ ಅವರ ಗೆಳೆಯರ ಹೆಸರು ಬಂತು. ತಪ್ಪಿಸಿಕೊಂಡವನ ಸುತ್ತ ಕೊಂಡಿಗಳೇ ಇಲ್ಲ, ಏಕೆಂದರೆ ಅವನನ್ನು ಯಾರೂ ಪ್ರಶ್ನಿಸಿಲ್ಲ.

ಇದು ಹಳೆಯ ಎಚ್ಚರಿಕೆ. ಅಪರಾಧ ತನಿಖೆಗೆ ಜಾಲ ವಿಶ್ಲೇಷಣೆ ಬಳಸುವ ಬಗ್ಗೆ ಮಾಲ್ಕಮ್ ಸ್ಪ್ಯಾರೋ 1991 ರಲ್ಲೇ ಬರೆದಿದ್ದರು. ಡೇಟಾ ಯಾವಾಗಲೂ ಅರ್ಧಂಬರ್ಧ ಇರುತ್ತದೆ, ಯಾರು ಒಳಗೆ ಯಾರು ಹೊರಗೆ ಎಂಬ ಗಡಿ ಮಸುಕಾಗಿರುತ್ತದೆ, ಜಾಲವೂ ದಿನದಿನಕ್ಕೆ ಬದಲಾಗುತ್ತಿರುತ್ತದೆ ಎಂದಿದ್ದರು. ಈ ಮೂರು ತೊಡಕೂ ಇವತ್ತಿಗೂ ಹಾಗೇ ಇವೆ. ಕಂಪ್ಯೂಟರ್ ವೇಗ ಹೆಚ್ಚಾಗಿದ್ದರಿಂದ ಯಾವುದೂ ಕರಗಿಲ್ಲ.

ಈಗ ನಿಮ್ಮ ದಲ್ಲಾಳಿಯ ವಿಷಯಕ್ಕೆ ಬರೋಣ. ಬಿಟ್ವೀನ್‌ನೆಸ್ ಅಂದರೆ ಏನು? ಜಾಲದಲ್ಲಿ ಯಾವುದೇ ಇಬ್ಬರನ್ನು ತೆಗೆದುಕೊಳ್ಳಿ, ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಅತಿ ಹತ್ತಿರದ ದಾರಿ ಯಾವುದು ನೋಡಿ. ಅಂಥ ದಾರಿಗಳಲ್ಲಿ ಎಷ್ಟು ಒಬ್ಬ ವ್ಯಕ್ತಿಯ ಮೂಲಕ ಹಾದುಹೋಗುತ್ತವೆ ಎಂಬುದೇ ಅವನ ಬಿಟ್ವೀನ್‌ನೆಸ್. ಲಿಂಟನ್ ಫ್ರೀಮನ್ 1977 ರಲ್ಲಿ ಇದನ್ನು ಚೊಕ್ಕವಾಗಿ ರೂಪಿಸಿದರು. ಈ ಲೆಕ್ಕಕ್ಕೆ ಕೊಂಡಿ ಎಂಥದ್ದು ಎಂಬುದು ಗೊತ್ತಿಲ್ಲ. ಮನೆ ತೋರಿಸಿ ಕಮಿಷನ್ ತೆಗೆದುಕೊಂಡಿದ್ದೂ ಒಂದು ಗೆರೆ, ಪ್ರಾಣ ಕೊಡುವ ನಂಟೂ ಒಂದು ಗೆರೆ. ದಲ್ಲಾಳಿಯ ಕಸುಬೇ ಪರಸ್ಪರ ಗೊತ್ತಿಲ್ಲದವರ ನಡುವೆ ಓಡಾಡುವುದು. ಗುಂಪಿನ ಬೇರೆ ಬೇರೆ ತುಂಡುಗಳಿಗೆ ಸೇರಿದ ನಾಲ್ಕು ಜನಕ್ಕೆ ಅವನು ಬೇರೆ ಬೇರೆ ಕಾಲದಲ್ಲಿ ಮನೆ ಕೊಡಿಸಿದ್ದರೆ ಸಾಕು, ನಿಮ್ಮ ಲೆಕ್ಕದಲ್ಲಿ ಅವನು ಸೇತುವೆ ಆಗಿಬಿಡುತ್ತಾನೆ. ಅವನ ಮೂಲಕ ಒಂದು ಸಂದೇಶವೂ ಹೋಗಿರಬೇಕಿಲ್ಲ. ಸಂದೇಶ ಹೋಗಬಹುದಾದ ದಾರಿಯನ್ನು ನೀವು ಅಳೆದಿದ್ದೀರಿ, ಹೋದ ಸಂದೇಶವನ್ನಲ್ಲ.

ಇನ್ನೊಂದು ಕಾರಣವೂ ಇರಬಹುದು, ಇದನ್ನು ಇವತ್ತೇ ನೋಡಿ. ಆ ಹೆಸರಿನವರು ಇಬ್ಬರು ಇದ್ದಾರಾ? ಒಂದೇ ಹೆಸರಿನ ಇಬ್ಬರನ್ನು ಒಂದು ಬಿಂದು ಮಾಡಿದರೆ ಎರಡು ಬೇರೆ ಬೇರೆ ವಲಯಗಳ ಕೊಂಡಿಗಳು ಒಬ್ಬನ ತಲೆಗೆ ಬರುತ್ತವೆ, ಅವನ ಬಿಟ್ವೀನ್‌ನೆಸ್ ಸರ್ರನೆ ಏರುತ್ತದೆ. ಎಲ್ಲೂ ಹೊಂದದ ಒಬ್ಬ ವ್ಯಕ್ತಿ ಪಟ್ಟಿಯ ತುದಿಯಲ್ಲಿ ಕಂಡರೆ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಇದರ ತಿರುವುಮುರುವೂ ಆಗುತ್ತದೆ. ಒಬ್ಬನೇ ಮನುಷ್ಯ ಒಂದು ವರದಿಯಲ್ಲಿ ನಿಜ ಹೆಸರಲ್ಲಿ, ಇನ್ನೊಂದರಲ್ಲಿ ಅಡ್ಡಹೆಸರಲ್ಲಿ ಬಂದಿದ್ದರೆ ನಿಮ್ಮ ಪಟ್ಟಿಯಲ್ಲಿ ಅವನು ಇಬ್ಬರಾಗಿರುತ್ತಾನೆ. ಆಗ ನಿಜವಾದ ಸೇತುವೆ ಮುರಿದು ಹೋಗಿ ಕಾಣುವುದೇ ಇಲ್ಲ. ಗುಪ್ತ ಗುಂಪುಗಳಲ್ಲಿ ಅಡ್ಡಹೆಸರು ಸಾಮಾನ್ಯ, ಅಲ್ವಾ? ಹಾಗಾಗಿ ಹೆಸರು ಹೊಂದಿಸುವ ಕೆಲಸವನ್ನು ಕಂಪ್ಯೂಟರ್‌ಗೆ ಬಿಡಬೇಡಿ. 61 ಜನ ಅಷ್ಟೇ. ಒಬ್ಬೊಬ್ಬರನ್ನೂ ಊರು, ವಯಸ್ಸು, ಕಸುಬು ಇಟ್ಟುಕೊಂಡು ಕೈಯಿಂದ ಹೊಂದಿಸಿ.

ಇನ್ನು ಆ ಶಿಬಿರ. 12 ಜನರನ್ನು ಪರಸ್ಪರ ಜೋಡಿಸಿದರೆ ಎಷ್ಟು ಕೊಂಡಿ ಆಗುತ್ತದೆ? 66. ನಿಮ್ಮ ಬಳಿ ಇರುವುದೇ 140. ಅಂದರೆ ಹೆಚ್ಚುಕಡಿಮೆ ಅರ್ಧ ಜಾಲ ಒಂದೇ ತೀರ್ಪಿನ ಒಂದೇ ವಾಕ್ಯದಿಂದ ಬಂದಿದೆ. ಆ ವಾಕ್ಯ ಹುಟ್ಟಿದ್ದು ಯಾರ ಹೇಳಿಕೆಯಿಂದ? ಅದನ್ನು ಕೋರ್ಟು ಒಪ್ಪಿತಾ, ಅಥವಾ ಪ್ರಾಸಿಕ್ಯೂಷನ್ ವಾದ ಹೀಗಿತ್ತು ಎಂದು ಬರೆದುಕೊಂಡಿತಾ? ಹನ್ನೆರಡೂ ಜನ ಒಂದೇ ವಾರ ಅಲ್ಲಿದ್ದರಾ, ಬೇರೆ ಬೇರೆ ತಂಡಗಳಲ್ಲಿ ಬಂದು ಹೋದರಾ? ಇದಕ್ಕೆ ಉತ್ತರ ಸಿಗುವವರೆಗೆ ಆ 66 ಗೆರೆಗಳನ್ನು ಗೆಳೆತನ ಎಂದು ಎಣಿಸಬೇಡಿ. ವ್ಯಕ್ತಿಗಳದ್ದೇ ಒಂದು ಪಟ್ಟಿ, ಘಟನೆ ಮತ್ತು ಜಾಗಗಳದ್ದೇ ಇನ್ನೊಂದು ಪಟ್ಟಿ ಇಡಿ. ಯಾರು ಯಾವ ಘಟನೆಯಲ್ಲಿದ್ದರು ಎಂದಷ್ಟೇ ಗುರುತು ಮಾಡಿ. ಆಗ ಶಿಬಿರ ಒಂದು ಬಿಂದುವಾಗಿ, 12 ಗೆರೆಗಳಾಗಿ ಉಳಿಯುತ್ತದೆ. ದಲ್ಲಾಳಿಯ ಸ್ಥಾನ ಆಮೇಲೆ ಎಲ್ಲಿರುತ್ತದೆ ನೋಡಿ.

ಈ ಎರಡು ಪಟ್ಟಿಯ ವಿಧಾನ ಎಷ್ಟು ಬಲವಾದದ್ದು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಸಮಾಜಶಾಸ್ತ್ರಜ್ಞ ಕೀರನ್ ಹೀಲಿ 2013 ರಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ಮುಂಚಿನ ಬಾಸ್ಟನ್‌ನ ದಾಖಲೆ ತೆಗೆದುಕೊಂಡರು. 254 ಜನ, 7 ಸಂಘಗಳು. ಯಾರು ಯಾವ ಸಂಘದ ಸದಸ್ಯರು ಎಂಬುದು ಬಿಟ್ಟು ಬೇರೆ ಏನೂ ಇಲ್ಲ. ಯಾರು ಏನು ಮಾತಾಡಿದರು ಎಂಬುದೂ ಇಲ್ಲ. ಲೆಕ್ಕ ಹಾಕಿದಾಗ ಪಾಲ್ ರಿವಿಯರ್ ಹೆಸರು ಮೇಲಕ್ಕೆ ಬಂತು. ಬ್ರಿಟಿಷ್ ಸೇನೆ ಬರುತ್ತಿದೆ ಎಂದು ರಾತ್ರಿ ಕುದುರೆ ಏರಿ ಹೋಗಿ ಎಚ್ಚರಿಸಿದ ಅದೇ ವ್ಯಕ್ತಿ. ಇದನ್ನು ಓದಿದವರು ಎರಡು ಪಾಠ ಕಲಿಯುತ್ತಾರೆ. ವಿಧಾನ ಕೆಲಸ ಮಾಡುತ್ತದೆ ಎಂಬುದು ಒಂದು. ಹೀಲಿ ಹೇಳಲು ಹೊರಟಿದ್ದು ಇನ್ನೊಂದನ್ನು. ಬರೀ ಸದಸ್ಯತ್ವದ ಪಟ್ಟಿ ಇಟ್ಟುಕೊಂಡು ಸರಕಾರ ಯಾರ ಬದುಕಿನ ಒಳಗೂ ಎಷ್ಟು ದೂರ ಇಣುಕಬಹುದು ನೋಡಿ ಎಂಬ ಎಚ್ಚರಿಕೆ ಅದು. ನಾನು ಮೂರನೆಯದನ್ನೂ ಸೇರಿಸುತ್ತೇನೆ. ರಿವಿಯರ್ ಯಾರು ಎಂದು ನಮಗೆ ಮೊದಲೇ ಗೊತ್ತಿರುವುದರಿಂದ ಆ ಹೆಸರು ಕಂಡಾಗ ರೋಮಾಂಚನ ಆಗುತ್ತದೆ. ನಿಮ್ಮ ದಲ್ಲಾಳಿಯ ವಿಷಯದಲ್ಲಿ ಹಾಗೆ ತಾಳೆ ನೋಡಲು ಏನೂ ಇಲ್ಲ.

ಈ ವಿಷಯ ಹೇಳಿದಾಗಲೆಲ್ಲ ಬರುವ ಉದಾಹರಣೆ 2001 ರ ಸೆಪ್ಟೆಂಬರ್ 11 ರದ್ದು. ನೀವೂ ಓದಿರುತ್ತೀರಿ. ವಾಲ್ಡಿಸ್ ಕ್ರೆಬ್ಸ್ ಎಂಬ ಸಲಹೆಗಾರರು ದಾಳಿಯ ನಂತರ ಪತ್ರಿಕೆಗಳಲ್ಲಿ ಬಂದ ಮಾಹಿತಿಯಿಂದಲೇ 19 ಅಪಹರಣಕಾರರ ಜಾಲ ಬಿಡಿಸಿದರು. ಮೊಹಮದ್ ಅಟ್ಟಾ ನಡುವೆ ಕಂಡ. ಅವನು ಆ ತಂಡದ ಮುಖ್ಯಸ್ಥ ಹೌದು. ಹಾಗಾಗಿ ವಿಧಾನ ನಾಯಕನನ್ನು ಹಿಡಿದುಕೊಡುತ್ತದೆ ಎಂಬ ನಂಬಿಕೆ ಹಬ್ಬಿತು. ಕ್ರೆಬ್ಸ್ ಅಷ್ಟು ಹೇಳಿರಲಿಲ್ಲ. ಬಿಂದುಗಳೂ ಕೊಂಡಿಗಳೂ ಬಿಟ್ಟುಹೋಗಿವೆ, ಸಣ್ಣ ಬದಲಾವಣೆಗೂ ಈ ಅಳತೆಗಳು ಏರುಪೇರಾಗುತ್ತವೆ, ಇದರಿಂದ ನಾಯಕತ್ವ ಸಾಬೀತಾಗುವುದಿಲ್ಲ ಎಂದು ಅವರೇ ಬರೆದಿದ್ದಾರೆ.

ಅದೇ ಅಧ್ಯಯನದಲ್ಲಿ ಜನ ಗಮನಿಸದ ಒಂದು ಸಂಗತಿ ನನಗೆ ಇನ್ನೂ ಮುಖ್ಯ. ನೇರ ಪರಿಚಯ ಒಂದು ಹೆಜ್ಜೆ, ಪರಿಚಿತರ ಪರಿಚಿತ ಎರಡು ಹೆಜ್ಜೆ ಎಂದು ಎಣಿಸಿ. ಹಳೆಯ ನಂಬಿಕೆಯ ಸಂಪರ್ಕಗಳನ್ನಷ್ಟೇ ತೆಗೆದುಕೊಂಡರೆ ಆ 19 ಜನರ ನಡುವೆ ಸರಾಸರಿ ದೂರ 4.75 ಹೆಜ್ಜೆ. ಬರೀ 19 ಜನರ ಗುಂಪಿಗೆ ಇದು ತುಂಬಾ ಜಾಸ್ತಿ. ಒಂದೇ ವಿಮಾನ ಹತ್ತಿದವರಲ್ಲೂ ಕೆಲವರ ನಡುವೆ ಎರಡಕ್ಕಿಂತ ಹೆಚ್ಚು ಹೆಜ್ಜೆ ಅಂತರ ಇತ್ತು. ಒಬ್ಬ ಸಿಕ್ಕಿಬಿದ್ದರೂ ಉಳಿದವರು ಬಚಾವಾಗಲಿ ಎಂದು ಹಾಗೆ ಹರಡಿದ್ದರು. ಹಾಗಿದ್ದರೆ ಕೆಲಸ ಹೇಗೆ ನಡೆಯಿತು? ನಡುನಡುವೆ ಕೆಲವರು ಸೇರಿ ಮಾತಾಡಿ ಮತ್ತೆ ಚದುರುತ್ತಿದ್ದರು. ಆ ಭೇಟಿಗಳನ್ನು ಸೇರಿಸಿದರೆ ಸರಾಸರಿ ದೂರ ಮೂರಕ್ಕಿಂತ ಕೆಳಗೆ ಇಳಿಯುತ್ತದೆ.

ಇದೇ ಅಧ್ಯಯನವನ್ನು ಮುಂದಿಟ್ಟು ಹೇಳುವ ಇನ್ನೊಂದು ಮಾತಿದೆ. 2000 ರಲ್ಲೇ ಅನುಮಾನಕ್ಕೆ ಒಳಗಾಗಿದ್ದ ಇಬ್ಬರಿಂದ ಶುರು ಮಾಡಿದ್ದರೆ ಎರಡೇ ಹೆಜ್ಜೆಯಲ್ಲಿ 19 ಜನರೂ ಸಿಗುತ್ತಿದ್ದರು ಎಂಬುದು. ಮಾತು ನಿಜ. ಆದರೆ ಅದೇ ಎರಡು ಹೆಜ್ಜೆಯೊಳಗೆ ಇನ್ನೂ ಎಷ್ಟು ಜನ ಇದ್ದರು? ಮನೆ ಬಾಡಿಗೆ ಕೊಟ್ಟವರು, ಜೊತೆಗೆ ಓದಿದವರು, ಕಾರು ಮಾರಿದವರು. ಒಬ್ಬರಿಗೆ 40 ಜನರ ಸಂಪರ್ಕ ಅಂದುಕೊಳ್ಳಿ. ಎರಡನೇ ಹೆಜ್ಜೆಗೆ 1,600, ಮೂರನೇ ಹೆಜ್ಜೆಗೆ 64,000. ಪರಿಚಯಗಳು ಒಂದರ ಮೇಲೊಂದು ಬೀಳುವುದರಿಂದ ಸಂಖ್ಯೆ ಸ್ವಲ್ಪ ಇಳಿಯುತ್ತದೆ, ಆದರೂ ಭಾರ ಅಷ್ಟೇ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಫೋನ್ ದಾಖಲೆಗಳಲ್ಲಿ ಮೂರು ಹೆಜ್ಜೆಯವರೆಗೆ ಹೋಗುತ್ತಿತ್ತು. ಅಲ್ಲಿ ಗುತ್ತಿಗೆಯಲ್ಲಿ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಈ ಸಂಗತಿ ಹೊರಗಿಟ್ಟ ಮೇಲೆ, 2014 ರ ಜನವರಿಯಲ್ಲಿ ಅಧ್ಯಕ್ಷ ಒಬಾಮ ಅದನ್ನು ಎರಡಕ್ಕೆ ಇಳಿಸಿದರು. ಒಂದು ಹೆಜ್ಜೆ ಕಡಿಮೆ ಮಾಡಿದ್ದು ಸಣ್ಣ ವಿಷಯ ಅನ್ನಿಸಬಹುದು. ಮೇಲಿನ ಲೆಕ್ಕ ನೋಡಿದರೆ ಅದು ಎಷ್ಟು ದೊಡ್ಡದು ಗೊತ್ತಾಗುತ್ತದೆ.

ಮುಂಚೆಯೇ ಪತ್ತೆ ಹಚ್ಚುವುದು ಯಾಕೆ ಕಷ್ಟ ಎಂಬುದಕ್ಕೂ ಒಂದು ಲೆಕ್ಕ ಸಾಕು. ಹತ್ತು ಲಕ್ಷ ಜನರಲ್ಲಿ 100 ಮಂದಿ ನಿಜವಾಗಿ ಅಪಾಯಕಾರಿ ಎಂದುಕೊಳ್ಳಿ. ನಿಮ್ಮ ಸಾಧನ ನೂರಕ್ಕೆ 99 ಸಲ ಸರಿ ಹೇಳುತ್ತದೆ ಎಂದೂ ಇಟ್ಟುಕೊಳ್ಳಿ. ಅಷ್ಟು ಒಳ್ಳೆಯ ಸಾಧನ ಯಾರ ಬಳಿಯೂ ಇಲ್ಲ, ಇರಲಿ. ಅದು 99 ಅಪಾಯಕಾರಿಗಳನ್ನು ಹಿಡಿಯುತ್ತದೆ, ಜೊತೆಗೆ ಸುಮಾರು 10,000 ಅಮಾಯಕರ ಮೇಲೂ ಗುರುತು ಹಾಕುತ್ತದೆ. ಅಂದರೆ ಗುರುತು ಬಿದ್ದ ನೂರು ಜನರಲ್ಲಿ 99 ಮಂದಿ ಏನೂ ಮಾಡದವರು. ನಿಮ್ಮ ದಲ್ಲಾಳಿಯನ್ನು ಈ ಲೆಕ್ಕದೊಳಗೆ ಇಟ್ಟು ನೋಡಿ. ಅವನಿಗೂ ಮನೆ ಇದೆ, ಮಕ್ಕಳು ಇರಬಹುದು. ಕೋರ್ಟು ಅವನನ್ನು ಆರೋಪಿ ಎಂದೂ ಕರೆಯಲಿಲ್ಲ. ಒಂದು ಪ್ರಬಂಧದಲ್ಲಿ ಅವನ ಹೆಸರು ಸೂತ್ರಧಾರ ಎಂದು ಅಚ್ಚಾದರೆ ಅದನ್ನು ಅಳಿಸುವವರು ಯಾರು? ಮಾನನಷ್ಟದ ಕೇಸು ನಿಮ್ಮ ಮೇಲೆ ಬೀಳಬಹುದು, ಅದು ಬೇರೆ ಮಾತು. ಗುಂಪಿನ ಉಳಿದವರು ಯಾರಾದರೂ ಇವನು ಪೊಲೀಸರಿಗೆ ಹೇಳಿಕೆ ಕೊಟ್ಟವನು ಎಂದು ಹುಡುಕಿಕೊಂಡು ಹೋದರೆ? ಸಾಕ್ಷಿ ಹೇಳಿದವರ ವಿಷಯದಲ್ಲಿ ಈ ಭಯ ಸುಮ್ನೆ ಹೇಳುತ್ತಿಲ್ಲ.

ಹಾಗಾದರೆ ಈ ವಿಧಾನದಿಂದ ಏನಾದರೂ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಖಂಡಿತ ಗೊತ್ತಾಗುತ್ತದೆ. ಈ ಕೆಲಸದಲ್ಲಿ ನನಗೆ ಆಸೆ ಹುಟ್ಟಿಸುವ ಭಾಗವೇ ಇದು.

ಗುಪ್ತ ಗುಂಪು ಹೇಗೆ ಹುಟ್ಟುತ್ತದೆ ಎಂಬುದನ್ನು ಬಾನಿ ಎರಿಕ್ಸನ್ 1981 ರಲ್ಲಿ ವಿವರಿಸಿದರು. ಜೀವಕ್ಕೆ ಅಪಾಯ ಇರುವ ಕೆಲಸಕ್ಕೆ ಯಾರೂ ಅಪರಿಚಿತರನ್ನು ಕರೆಯುವುದಿಲ್ಲ. ಮೊದಲೇ ನಂಬಿಕೆ ಇರುವವರನ್ನು ಕರೆಯುತ್ತಾರೆ. ಹಾಗಾಗಿ ಗುಪ್ತ ಗುಂಪಿನ ಆಕಾರ ಅದಕ್ಕಿಂತ ಹಳೆಯದಾದ ಗೆಳೆತನ, ನೆಂಟಸ್ತಿಕೆಗಳ ಆಕಾರವನ್ನೇ ಹೋಲುತ್ತದೆ. ಮಾರ್ಕ್ ಸೇಜ್‌ಮನ್ 2004 ರಲ್ಲಿ ಜಾಗತಿಕ ಜಿಹಾದಿ ಚಳವಳಿಯ 172 ಜನರ ಬದುಕನ್ನು ಜೋಡಿಸಿ ನೋಡಿದಾಗಲೂ ಇದೇ ಕಂಡಿತು. ಸುಮಾರು ಮೂರರಲ್ಲಿ ಎರಡು ಪಾಲು ಜನ ಒಳಗೆ ಬಂದಿದ್ದು ಗೆಳೆತನದ ಹಾದಿಯಲ್ಲಿ. ಬಡತನ, ಹುಚ್ಚು, ತಲೆ ತೊಳೆಯುವಿಕೆ ಎಂಬ ಸಿದ್ಧ ಉತ್ತರಗಳಿಗೆ ಅವರ ಮಾಹಿತಿ ಬೆಂಬಲ ಕೊಡಲಿಲ್ಲ.

ಗ್ರೀಸ್‌ನ ನವೆಂಬರ್ 17 ಎಂಬ ಉಗ್ರಗಾಮಿ ಗುಂಪನ್ನು ನೋಡಿ. 1975 ರಲ್ಲಿ ಶುರುವಾಗಿ 2002 ರವರೆಗೆ ಯಾರೂ ಅದರ ಒಬ್ಬ ಸದಸ್ಯನನ್ನೂ ಹಿಡಿಯಲಾಗಲಿಲ್ಲ. 2002 ರ ಜೂನ್‌ನಲ್ಲಿ ಪಿರೇಯಸ್ ಬಂದರಿನಲ್ಲಿ ಒಬ್ಬನ ಕೈಯಲ್ಲೇ ಬಾಂಬ್ ಸಿಡಿಯಿತು. ಅಲ್ಲಿಂದ ಕೆಲವೇ ವಾರಗಳಲ್ಲಿ ಗುಂಪು ಕುಸಿಯಿತು. ಅವನ ಇಬ್ಬರು ಸೋದರರೂ ಅದೇ ಗುಂಪಿನಲ್ಲಿದ್ದರು. ರಕ್ತಸಂಬಂಧ 27 ವರ್ಷ ಗುಟ್ಟು ಕಾಪಾಡಿತು. ಒಬ್ಬ ಸಿಕ್ಕಾಗ ಅದೇ ಸಂಬಂಧ ಉಳಿದವರ ಮನೆ ಬಾಗಿಲಿಗೆ ದಾರಿಯಾಯಿತು.

ಸದ್ದಾಂ ಹುಸೇನ್ ಸಿಕ್ಕಿದ್ದೂ ಹೀಗೇ. ಅಮೆರಿಕದ ಸೇನೆ ಮೊದಲು ಇಸ್ಪೀಟ್ ಎಲೆಗಳ ಮೇಲೆ ದೊಡ್ಡ ಅಧಿಕಾರಿಗಳ ಚಿತ್ರ ಹಾಕಿ ಹುಡುಕಿತು. ಹುದ್ದೆಯ ದಾರಿಯಲ್ಲಿ ಅವನು ಸಿಗಲಿಲ್ಲ. ತಿಕ್ರಿತ್ ಕಡೆ ಇದ್ದ ತುಕಡಿ ಮನೆತನಗಳು, ಅಂಗರಕ್ಷಕರು, ಮದುವೆ ಸಂಬಂಧಗಳ ನಕ್ಷೆ ಮಾಡಿತು. 2003 ರ ಡಿಸೆಂಬರ್ 13 ರಂದು ಅದ್-ದವ್ರ್ ಬಳಿಯ ಗುಂಡಿಯಲ್ಲಿ ಅವನು ಸಿಕ್ಕ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಯಾರನ್ನು ಹುಡುಕುತ್ತಿದ್ದೇವೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಜಾಲದ ಕೆಲಸ ಅವನು ಯಾರನ್ನು ನಂಬಬಹುದು ಎಂಬುದನ್ನು ತೋರಿಸುವುದಷ್ಟೇ ಆಗಿತ್ತು. ನೀವು ಮಾಡಹೊರಟಿರುವುದು ಉಲ್ಟಾ, ಬರೀ ನಕ್ಷೆಯಿಂದ ಅಪರಾಧಿಯನ್ನು ಹುಟ್ಟಿಸುವುದು.

ನಡುವೆ ಇರುವವನೇ ದೊಡ್ಡವನು ಎಂಬ ನಂಬಿಕೆ ಗುಪ್ತ ಗುಂಪುಗಳಲ್ಲಿ ಯಾಕೆ ಕೈ ಕೊಡುತ್ತದೆ ಎಂಬುದಕ್ಕೆ ವೇನ್ ಬೇಕರ್ ಮತ್ತು ರಾಬರ್ಟ್ ಫಾಕ್ನರ್ 1993 ರಲ್ಲಿ ಮಾಡಿದ ಅಧ್ಯಯನ ಓದಲೇಬೇಕು. ವಿಷಯ ಉಗ್ರವಾದ ಅಲ್ಲ. 1950 ರ ದಶಕದಲ್ಲಿ ಅಮೆರಿಕದ ಭಾರೀ ವಿದ್ಯುತ್ ಉಪಕರಣ ಕಂಪನಿಗಳವರು ಗುಟ್ಟಾಗಿ ಸೇರಿ ಬೆಲೆ ನಿಗದಿ ಮಾಡುತ್ತಿದ್ದ ಸಂಚು. ಪ್ರಮಾಣ ಮಾಡಿ ಕೊಟ್ಟ ಸಾಕ್ಷ್ಯಗಳಿಂದ ಅವರು ಜಾಲ ಕಟ್ಟಿದರು. ಸಾಮಾನ್ಯ ಸಂಸ್ಥೆಯಲ್ಲಿ ಕೆಲಸ ಬೇಗ ಆಗಲಿ ಎಂದು ಜಾಲ ರೂಪುಗೊಳ್ಳುತ್ತದೆ. ಇಲ್ಲಿ ಗುಟ್ಟು ಉಳಿಯಲಿ ಎಂದು ರೂಪುಗೊಂಡಿತ್ತು. ಯಾರಿಗೆ ಹೆಚ್ಚು ಜನರ ನೇರ ಸಂಪರ್ಕ ಇತ್ತೋ ಅವರಿಗೆ ಶಿಕ್ಷೆಯಾಗುವ ಸಂಭವವೂ ಹೆಚ್ಚಿತ್ತು, ಏಕೆಂದರೆ ಅವರ ವಿರುದ್ಧ ಹೇಳಬಲ್ಲವರೂ ಹೆಚ್ಚು. ಇದು ಗೊತ್ತಿರುವ ಜಾಣ ನಾಯಕ ಏನು ಮಾಡುತ್ತಾನೆ? ಅಂಚಿಗೆ ಸರಿಯುತ್ತಾನೆ. ಒಬ್ಬಿಬ್ಬರ ಜೊತೆ ಮಾತ್ರ ಮಾತಾಡುತ್ತಾನೆ. ನಿಮ್ಮ ಚಿತ್ರದಲ್ಲಿ ಒಂದೇ ಗೆರೆ ಇರುವ ಬಿಂದುಗಳಲ್ಲಿ ಒಂದು ಅವನದಾಗಿರಬಹುದು.

ನಡುವಿನವರನ್ನು ತೆಗೆದರೆ ಗುಂಪು ಮುರಿಯುತ್ತದೆ ಎಂಬುದೂ ಅರ್ಧಸತ್ಯ. ಮಾಂಟ್ರಿಯಲ್‌ನ ಒಂದು ಮಾದಕ ವಸ್ತು ಜಾಲದ ಮೇಲೆ ಪೊಲೀಸರು 1994 ರಿಂದ 1996 ರವರೆಗೆ ವಿಚಿತ್ರ ಉಪಾಯ ಮಾಡಿದರು. ಕಾರ್ಯಾಚರಣೆಗೆ ಕ್ಯಾವಿಯಾರ್ ಎಂದು ಹೆಸರು. ಮಾಲನ್ನು 11 ಸಲ ಹಿಡಿದರು, ಜನರನ್ನು ಕೊನೆಯವರೆಗೂ ಮುಟ್ಟಲಿಲ್ಲ. ಅಪರಾಧಶಾಸ್ತ್ರಜ್ಞ ಕಾರ್ಲೊ ಮೊರ್ಸೆಲಿ ಆಮೇಲೆ ಆ ಫೋನ್ ದಾಖಲೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರು. ಪೆಟ್ಟು ಬಿದ್ದ ಹಾಗೆಲ್ಲ ಜಾಲ ಆಕಾರ ಬದಲಿಸುತ್ತಾ ಹೋಯಿತು. ಶುರುವಿನಲ್ಲಿ ನಡುವೆ ಇದ್ದವರು ಬದಿಗೆ ಸರಿದರು, ಬೇರೆಯವರು ಮೇಲೆ ಬಂದರು. ನೆದರ್‌ಲ್ಯಾಂಡ್ಸ್‌ನ ಗಾಂಜಾ ಬೆಳೆಯುವ ಜಾಲಗಳ ಮೇಲೆ ಪಾಲ್ ಡೈನ್ ಮತ್ತು ಸಂಗಡಿಗರು 2014 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ ಪೆಟ್ಟು ತಿಂದ ಜಾಲ ಮೊದಲಿಗಿಂತ ಚುರುಕಾಗಬಹುದು ಎಂದು ಕಂಡಿತು. ಇವು ಹಣಕ್ಕಾಗಿ ಇರುವ ಜಾಲಗಳು, ಸಿದ್ಧಾಂತಕ್ಕಾಗಿ ಇರುವ ಗುಂಪಿಗೆ ಹಾಗೇ ಹೊಂದುವುದಿಲ್ಲ. ದುಡ್ಡಿನ ಜಾಲಕ್ಕೆ ದಿನವೂ ಕೆಲಸ ಆಗಬೇಕು, ಅದು ಮಾತಾಡುತ್ತಲೇ ಇರಬೇಕು. ದಾಳಿಗಾಗಿ ಕಾಯುವ ಗುಂಪು ತಿಂಗಳುಗಟ್ಟಲೆ ಸುಮ್ಮನಿರಬಹುದು. ಈ ವ್ಯತ್ಯಾಸವನ್ನೂ ಮೊರ್ಸೆಲಿ ಮತ್ತು ಜೊತೆಗಾರರು 2007 ರಲ್ಲಿ ಬಿಡಿಸಿ ಹೇಳಿದ್ದಾರೆ. ಒಬ್ಬಂಟಿಯಾಗಿ ದಾಳಿ ಮಾಡುವವರ ವಿಷಯದಲ್ಲಿ ಈ ವಿಧಾನ ಹೆಚ್ಚೇನೂ ಹೇಳುವುದಿಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ಅಂಚೆ ಬಾಂಬ್ ಕಳಿಸುತ್ತಿದ್ದ ಟೆಡ್ ಕಝಿನ್ಸ್ಕಿ 1996 ರಲ್ಲಿ ಸಿಕ್ಕಿದ್ದು ಅವನ ಬರಹದ ಧಾಟಿಯನ್ನು ತಮ್ಮ ಗುರುತಿಸಿದ್ದರಿಂದ.

ಈಗ ನಿಮ್ಮ ಮುಂದಿರುವ ದಾರಿಗಳು. ನನ್ನ ಒಲವು ಇರುವ ದಾರಿಯನ್ನೇ ಮೊದಲು ಹೇಳುತ್ತೇನೆ. ಯಾರು ನಾಯಕ ಎಂಬ ಪ್ರಶ್ನೆ ಬಿಡಿ. ಜನ ಯಾರ ಮೂಲಕ, ಯಾವ ಸಂಬಂಧದ ಮೂಲಕ ಒಳಗೆ ಬಂದರು ಎಂದು ಕೇಳಿ. ನಿಮ್ಮ ಕೊಂಡಿಗಳಿಗೆ ನೆಂಟಸ್ತಿಕೆ, ಸಹಪಾಠಿ, ನೆರೆಹೊರೆ, ಜೈಲಿನ ಪರಿಚಯ, ವ್ಯವಹಾರ ಎಂದು ಗುರುತು ಹಾಕಿ. ಪ್ರತಿ ಕೊಂಡಿಗೂ ವರ್ಷ ಹಾಕಿ. ಗುಂಪು ಸೇರುವ ಮುಂಚಿನ ಕೊಂಡಿ ಯಾವುದು, ಆಮೇಲಿನದು ಯಾವುದು ಬೇರೆ ಮಾಡಿ. ತೀರ್ಪುಗಳಲ್ಲಿ ಇದಕ್ಕೆ ಬೇಕಾದ ವಿವರ ಸಾಮಾನ್ಯವಾಗಿ ಇರುತ್ತದೆ. ಇಲ್ಲೂ ತೊಂದರೆ ಇದೆ. ಕೋರ್ಟು ತನಗೆ ಬೇಕಾದ ಸಂಬಂಧವನ್ನಷ್ಟೇ ಬರೆಯುತ್ತದೆ, ಬಾಲ್ಯದ ಗೆಳೆತನ ಕೇಸಿಗೆ ಬೇಡವಾದರೆ ಬಿಟ್ಟುಬಿಡುತ್ತದೆ. ಆದರೆ ಈ ಕೊರತೆಯಿಂದ ಯಾರ ಬದುಕೂ ಹಾಳಾಗುವುದಿಲ್ಲ.

ಬಿಟ್ವೀನ್‌ನೆಸ್ ಲೆಕ್ಕವನ್ನೂ ಇಟ್ಟುಕೊಳ್ಳಿ, ಪರೀಕ್ಷೆಗೆ ಒಡ್ಡಿ. ನೂರಕ್ಕೆ ಹತ್ತರಷ್ಟು, ಇಪ್ಪತ್ತರಷ್ಟು ಕೊಂಡಿಗಳನ್ನು ಸಾವಿರ ಸಲ ಮನಬಂದಂತೆ ತೆಗೆದು ಪ್ರತಿ ಸಲವೂ ಮೊದಲ ಸ್ಥಾನ ಯಾರಿಗೆ ಬರುತ್ತದೆ ನೋಡಿ. ಇದು ಎಲ್ಲರೂ ಮಾಡುವ ಪರೀಕ್ಷೆ, ಆದರೆ ಸಾಲದು. ಗುಪ್ತ ಗುಂಪಿನಲ್ಲಿ ಕೊಂಡಿಗಳು ಮನಬಂದಂತೆ ಕಳೆದುಹೋಗಿರುವುದಿಲ್ಲ, ಬೇಕೆಂದೇ ಮುಚ್ಚಿಟ್ಟಿರುತ್ತಾರೆ. ಹಾಗಾಗಿ ಒಂದೊಂದು ಮೂಲವನ್ನೇ ಪೂರ್ತಿ ತೆಗೆದು ನೋಡಿ. ಒಂದು ತೀರ್ಪು ತೆಗೆದಾಗ, ಒಬ್ಬ ಸಾಕ್ಷಿಯ ಹೇಳಿಕೆ ತೆಗೆದಾಗ ದಲ್ಲಾಳಿ ಪಟ್ಟಿಯಿಂದ ಜಾರಿಬಿದ್ದರೆ, ಅವನ ಸ್ಥಾನ ಒಂದು ಕಾಗದದ ಮೇಲೆ ನಿಂತಿತ್ತು ಎಂದು ಗೊತ್ತಾಗುತ್ತದೆ. ಈ ಫಲಿತಾಂಶವನ್ನೇ ಬರೆಯಿರಿ. ಗೈಡ್ ಕೇಳುತ್ತಿರುವ ಹೊಸತನ ಅಲ್ಲೇ ಇದೆ.

ಡೇಟಾ ನೀವೇ ಕಟ್ಟುವ ಗೋಜೇ ಬೇಡ ಅನ್ನಿಸಿದರೆ, ಸಂಶೋಧಕರು ಆಗಲೇ ಬಳಸುತ್ತಿರುವ ನೂರ್ದಿನ್ ಟಾಪ್ ಜಾಲ ತೆಗೆದುಕೊಳ್ಳಿ. ಇಂಡೋನೇಷ್ಯಾದ ಆ ಗುಂಪಿನ 79 ಜನರ ಮಾಹಿತಿಯನ್ನು ಇಂಟರ್‌ನ್ಯಾಷನಲ್ ಕ್ರೈಸಿಸ್ ಗ್ರೂಪ್‌ನ 2006 ರ ವರದಿಯಿಂದ ಶುರು ಮಾಡಿ ಅಮೆರಿಕದ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲ್‌ನವರು ಜೋಡಿಸಿದ್ದಾರೆ. ನೆಂಟಸ್ತಿಕೆ, ಸಹಪಾಠಿ, ತರಬೇತಿ, ಸಭೆ ಎಲ್ಲ ಬೇರೆ ಬೇರೆಯಾಗಿವೆ. ವಿಧಾನ ಕಲಿಯಲು ಇದು ಚೆನ್ನ. ಆದರೆ ಎಲ್ಲರೂ ಅಗೆದಿರುವ ನೆಲ, ಹೊಸದು ಸಿಗುವುದು ಕಷ್ಟ.

ಗುಂಪಿನ ಹಳೆಯ ಸದಸ್ಯರನ್ನು ಸಂದರ್ಶನ ಮಾಡುವ ಯೋಚನೆ ಬಂದರೆ ಎಂಎ ಹಂತದಲ್ಲಿ ಬೇಡ ಎಂದೇ ಹೇಳುತ್ತೇನೆ. ಉತ್ತರ ಐರ್ಲೆಂಡ್‌ನ ಮಾಜಿ ಉಗ್ರರ ಮಾತುಗಳನ್ನು ಬಾಸ್ಟನ್ ಕಾಲೇಜಿನ ಯೋಜನೆಯೊಂದು ಗುಟ್ಟಾಗಿ ಇಡುವ ಭರವಸೆ ಕೊಟ್ಟು ಧ್ವನಿಮುದ್ರಿಸಿತ್ತು. 2011 ರಲ್ಲಿ ಕೋರ್ಟಿನ ಮೂಲಕ ಆ ಟೇಪುಗಳನ್ನು ಕೇಳಿದರು, ಕೆಲವನ್ನು ಕೊಡಬೇಕಾಯಿತು. ನೀವು ಕೊಡುವ ಭರವಸೆಯನ್ನು ಉಳಿಸಿಕೊಳ್ಳುವ ಶಕ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಈಗ ಸಕ್ರಿಯವಾಗಿರುವ ಗುಂಪುಗಳ ಚಾಟ್ ಗುಂಪಿಗೆ ಸುಳ್ಳು ಹೆಸರಲ್ಲಿ ಸೇರಿ ನೋಡುವುದಂತೂ ಬೇಡವೇ ಬೇಡ.

ಮನೆಯವರ ಭಯ ಪೊಳ್ಳಲ್ಲ. 2008 ರಲ್ಲಿ ಬ್ರಿಟನ್‌ನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಒಬ್ಬ ಎಂಎ ವಿದ್ಯಾರ್ಥಿಯನ್ನು ಬಂಧಿಸಿ ಸುಮಾರು ಒಂದು ವಾರ ಇಟ್ಟುಕೊಂಡಿದ್ದರು. ಕಾರಣ, ಪ್ರಬಂಧಕ್ಕಾಗಿ ಅಲ್ ಖೈದಾದ ಒಂದು ಕೈಪಿಡಿ ಇಳಿಸಿಕೊಂಡಿದ್ದು. ಅದು ಅಮೆರಿಕ ಸರಕಾರದ ತಾಣದಲ್ಲೇ ಇತ್ತು. ಕೇಸು ಹಾಕದೆ ಬಿಟ್ಟರು, 2011 ರಲ್ಲಿ ಪೊಲೀಸರು 20,000 ಪೌಂಡ್ ಪರಿಹಾರ ಕೊಟ್ಟರು. ನಿಮ್ಮ ಮೂಲಗಳು ತೀರ್ಪು ಮತ್ತು ಪತ್ರಿಕೆ ಆಗಿರುವುದರಿಂದ ಅಷ್ಟು ಅಪಾಯ ಇಲ್ಲ. ಆದರೂ ವಿಭಾಗದಿಂದ ವಿಷಯಕ್ಕೆ ಲಿಖಿತ ಒಪ್ಪಿಗೆ ಪಡೆಯಿರಿ, ನೈತಿಕ ಸಮಿತಿ ಇದ್ದರೆ ಅವರ ಪತ್ರವೂ ಇರಲಿ. ಗುಂಪುಗಳ ಕೈಪಿಡಿ, ವೀಡಿಯೊ ಇಳಿಸಿಕೊಳ್ಳಬೇಡಿ, ನಿಮ್ಮ ಪ್ರಶ್ನೆಗೆ ಅವು ಬೇಕಾಗಿಲ್ಲ. ಯಾವ ದಾಖಲೆ ಎಲ್ಲಿಂದ ಯಾವತ್ತು ಸಿಕ್ಕಿತು ಎಂದು ಬರೆದಿಡಿ. ಹೆಸರಿನ ಪಟ್ಟಿಯನ್ನು ಪಾಸ್‌ವರ್ಡ್ ಹಾಕಿ ಬೇರೆ ಇಡಿ, ಪ್ರಬಂಧದಲ್ಲಿ ಸಂಖ್ಯೆಗಳನ್ನಷ್ಟೇ ಬಳಸಿ. ಕಸುಬು, ಊರು, ವರ್ಷ ಮೂರೂ ಒಟ್ಟಿಗೆ ಬಂದರೆ ಹೆಸರಿಲ್ಲದೆಯೂ ಮನುಷ್ಯ ಗೊತ್ತಾಗುತ್ತಾನೆ. ದಲ್ಲಾಳಿ ಎಂದು ಬರೆಯುವ ಬದಲು ಗುಂಪಿನ ಹೊರಗಿನ ವ್ಯವಹಾರಸ್ಥ ಎಂದರೆ ಸಾಕು.

ಪೊಲೀಸರಿಗೆ ಹೇಳಬೇಕಾ ಎಂದು ಕೇಳಿದ್ದೀರಿ. ಈ ಲೆಕ್ಕವನ್ನು ತೆಗೆದುಕೊಂಡು ಹೋಗಬೇಕಿಲ್ಲ. ನೀವು ಓದಿದ ಕಾಗದಗಳೆಲ್ಲ ಮೊದಲು ಅವರ ಕೈ ದಾಟಿಯೇ ಬಂದವು. ಆ ಮನುಷ್ಯನನ್ನು ಅವರು ಎದುರು ಕೂರಿಸಿಕೊಂಡು ಮಾತಾಡಿಸಿ ಸಾಕ್ಷಿ ಮಾಡಿದ್ದಾರೆ. ನಿಮ್ಮ ಬಳಿ ಹೊಸ ಸಂಗತಿ ಏನೂ ಇಲ್ಲ, ಹಳೆಯ ಸಂಗತಿಗಳ ಹೊಸ ಜೋಡಣೆ ಮಾತ್ರ ಇದೆ. ಮುಂದೆ ಎಂದಾದರೂ ಓದುವಾಗ ಯಾರಿಗೋ ಹಾನಿ ಮಾಡುವ ಸಿದ್ಧತೆ ಈಗ ನಡೆಯುತ್ತಿದೆ ಎಂಬ ಸ್ಪಷ್ಟ ಸುಳಿವು ಸಿಕ್ಕರೆ ಅದು ಬೇರೆ ಮಾತು. ಆಗ ನೀವೊಬ್ಬರೇ ಬೆನ್ನು ಹತ್ತಿ ಹೋಗಬೇಡಿ. ಅದೇ ದಿನ ಗೈಡ್‌ಗೂ ವಿಭಾಗದ ಮುಖ್ಯಸ್ಥರಿಗೂ ಹೇಳಿ, ಅವರನ್ನು ಜೊತೆಗಿಟ್ಟುಕೊಂಡು ಪೊಲೀಸರಿಗೆ ತಿಳಿಸಿ.